ಕಾದು ಕಣ್ಮುಚ್ಚುವ ಲ್ಯಾಪ್‌ಟಾಪ್

ಮಕ್ಕಳ ಪ್ರಾಜೆಕ್ಟ್ ಅರ್ಧದಲ್ಲಿರುವಾಗ ಲ್ಯಾಪ್‌ಟಾಪ್ ಬಿಸಿಯೇರಿ ತಟ್ಟನೆ ಆರಿಹೋದರೆ, ಯಂತ್ರವೇ ಕೆಟ್ಟಿತೆಂದು ಹೊಸದಕ್ಕೆ ಸಾಲ ಮಾಡುವ ಹೆತ್ತವರನ್ನು ನಾವು ಕಂಡಿದ್ದೇವೆ. ಅವಸರ ಬೇಡ. ಒಳಗಿನ ಪ್ರೊಸೆಸರ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ, ಸುಟ್ಟುಹೋಗದಂತೆ ಯಂತ್ರ ತಾನಾಗಿಯೇ ನಿಲ್ಲುತ್ತದೆ. ಹೆಚ್ಚಾಗಿ ತಪ್ಪು ಧೂಳಿನದು. ಫ್ಯಾನಿಗೂ ಅದರ ಮುಂದಿನ ತೆಳು ಲೋಹದ ತಗಡುಗಳಿಗೂ ನಡುವೆ ಹತ್ತಿಯ ಹಾಗೆ ಕುಳಿತು ಗಾಳಿಯ ದಾರಿ ಕಟ್ಟುತ್ತದೆ. ಹಾಸಿಗೆಯ ಮೇಲಿಟ್ಟರಂತೂ ಕೇಳುವುದೇ ಬೇಡ! ಮೊದಲು ಮೇಜಿನ ಮೇಲಿಟ್ಟು ನೋಡಿರಿ. ಆಗಲೂ ಆರಿದರೆ ಚಾರ್ಜರ್ ಕಳಚಿ, ಅಡಿಯ ಮುಚ್ಚಳ ತೆಗೆಸಿ, ಫ್ಯಾನು ತಿರುಗದಂತೆ ಹಿಡಿದು ಧೂಳು ಊದಿಸಬೇಕು. ಯಂತ್ರ ಹಳೆಯದಾದರೆ ಪ್ರೊಸೆಸರಿನ ಮೇಲಿನ ಪೇಸ್ಟ್ ಒಣಗಿರಲೂಬಹುದು. ಅದನ್ನು ಬಲ್ಲವರಿಂದಲೇ ಹೊಸದಾಗಿ ಹಚ್ಚಿಸುವುದು ಲೇಸು. ಬ್ಯಾಟರಿ ಉಬ್ಬಿದ್ದರೆ ಮಾತ್ರ ಚಾರ್ಜಿಗೆ ಹಾಕಲೇಬಾರದು, ಬೆಂಕಿಯ ಭಯವಿದೆ.