ಎಂಟು ಕಾರು, ಒಂದು ಘಾಟ್: ವೀಕೆಂಡ್ ಗ್ರೂಪ್ ಡ್ರೈವ್ ಪ್ಲಾನ್ ಮಾಡೋದು ಹೇಗೆ?

ಪುಣೆಯ ಹಿಂಜವಡಿ, ವಾಕಡ್, ಬಾಣೇರ್ ಕಡೆ ಇರೋ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪ್‌ಗಳಲ್ಲಿ ಮಳೆ ಶುರುವಾದ ಕೂಡಲೇ ಒಂದು ಮೆಸೇಜ್ ಬಂದೇ ಬರುತ್ತೆ: "ಭಾನುವಾರ ತಾಮ್ಹಿಣಿ ಘಾಟ್ ಹೋಗೋಣ್ವಾ?" ಅರ್ಧ ಗಂಟೆಯಲ್ಲಿ ಎಂಟು ಕಾರು ರೆಡಿ. ತಿಂಡಿ ಎಲ್ಲಿ, ಫೋಟೋ ಎಲ್ಲಿ ಅಂತ ಎಲ್ಲಾ ಚರ್ಚೆ ಆಗುತ್ತೆ. ರಸ್ತೆ ಮೇಲೆ ಎಂಟು ಕಾರು ಹೇಗೆ ಹೋಗಬೇಕು ಅನ್ನೋದು ಮಾತ್ರ ಚರ್ಚೆ ಆಗಲ್ಲ. ಇವತ್ತು ಅದನ್ನೇ ನೋಡೋಣ.

ನಾನು ಹೇಳೋದು ಮುಖ್ಯವಾಗಿ ಒಂದೇ ಮಾತು: ಮುಂದಿನ ಕಾರನ್ನ ಹಿಡಿಯೋದಕ್ಕೋಸ್ಕರ ಯಾರೂ ಸ್ಪೀಡ್ ಹೆಚ್ಚಿಸೋ ಪರಿಸ್ಥಿತಿ ಬರಬಾರದು. ಪ್ಲಾನ್ ಪೂರ್ತಿ ಇದಕ್ಕಾಗಿಯೇ ಇರಬೇಕು.

ಕೊನೆಯ ಕಾರಿನ ಕಷ್ಟ

ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 60 ಕಿ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 17 ಮೀಟರ್. ಎರಡು ಕಾರುಗಳ ಮಧ್ಯೆ 3 ಸೆಕೆಂಡ್ ಅಂತರ ಬಿಟ್ಟರೆ 50 ಮೀಟರ್. ಎಂಟು ಕಾರಿಗೆ ಏಳು ಅಂತರ, ಕಾರುಗಳ ಉದ್ದವೂ ಸೇರಿ ಹತ್ತಿರ ಹತ್ತಿರ 400 ಮೀಟರ್ ಸಾಲು. ಚಾಂದಣಿ ಚೌಕ್ ದಾಟಿ ಪಿರಂಗುಟ್ ಕಡೆ ಹೋಗೋ ಟ್ರಾಫಿಕ್‌ನಲ್ಲಿ ಇಷ್ಟುದ್ದ ಸಾಲು ಒಟ್ಟಿಗೆ ಉಳಿಯೋದು ಆಗದ ಮಾತು.

ಒಂದು ಸಿಗ್ನಲ್‌ನಲ್ಲಿ ಹಿಂದಿನ ನಾಲ್ಕು ಕಾರು ಒಂದು ನಿಮಿಷ ನಿಂತರೆ ಮುಂದಿನವರು 1 ಕಿ.ಮೀ. ದೂರ ಹೋಗಿರ್ತಾರೆ. ಅವರು 60ರಲ್ಲೇ ಹೋಗ್ತಿದ್ರೆ, ಹಿಂದಿನವರು 80ರಲ್ಲಿ 3 ನಿಮಿಷ, ಅಂದ್ರೆ 4 ಕಿ.ಮೀ. ಅಟ್ಟಿಸಿಕೊಂಡು ಹೋಗಬೇಕು. ಅದೂ ಒದ್ದೆ ರಸ್ತೆಯಲ್ಲಿ, ಎದುರಿಂದ ಟೆಂಪೋ ಬರ್ತಿರುವಾಗ. ಅದರ ಬದಲು ಮುಂದಿನವರೇ 40ಕ್ಕೆ ಇಳಿದರೆ? ಹಿಂದಿನವರು 60ರಲ್ಲೇ ಬಂದು ಅದೇ 3 ನಿಮಿಷದಲ್ಲಿ ಸೇರ್ತಾರೆ. ಟೈಮ್ ಅಷ್ಟೇ, ರಿಸ್ಕ್ ಎಷ್ಟೋ ಕಡಿಮೆ.

ಇನ್ನೊಂದು ವಿಷಯ. ಮುಂದಿನವರು ಸ್ವಲ್ಪ ಬ್ರೇಕ್ ಒತ್ತಿದರೆ ಎರಡನೆಯವರು ಒಂದು ಕ್ಷಣ ತಡವಾಗಿ, ಸ್ವಲ್ಪ ಜೋರಾಗಿ ಒತ್ತುತ್ತಾರೆ. ಹೀಗೆ ಹಿಂದೆ ಹಿಂದೆ ಹೋದಂತೆ ಬ್ರೇಕೂ ಜಾಸ್ತಿ, ಆಮೇಲೆ ಆಕ್ಸಿಲರೇಟರೂ ಜಾಸ್ತಿ. ಆ ಕೊನೆಯ ಕಾರಿನಲ್ಲಿ ಯಾರಿರ್ತಾರೆ? ಸಾಮಾನ್ಯವಾಗಿ ಮೊದಲ ಕಾರು ತಗೊಂಡು ಮೂರು ತಿಂಗಳಾದ ಹುಡುಗ. ಹಿಂದಿನ ಸೀಟಲ್ಲಿ ಹುಬ್ಬಳ್ಳಿಯಿಂದ ಬಂದ ಅಪ್ಪ ಅಮ್ಮ. "ಸ್ವಲ್ಪ ನಿಧಾನ ಹೋಗ್ರೀ" ಅಂತ ಗ್ರೂಪಲ್ಲಿ ಹೇಳೋಕೆ ಅವನಿಗೆ ಸಂಕೋಚ.

ಹಾಗಾದ್ರೆ ಹೇಗೆ ಪ್ಲಾನ್ ಮಾಡೋದು?

1. ಎಂಟು ಕಾರನ್ನ ನಾಲ್ಕು ನಾಲ್ಕಾಗಿ ಒಡೆಯಿರಿ. ಎರಡನೇ ತಂಡ 10 ನಿಮಿಷ ಬಿಟ್ಟು ಹೊರಡಲಿ.

2. ಪ್ರತಿ ತಂಡದಲ್ಲಿ ಮೊದಲು ರಸ್ತೆ ಗೊತ್ತಿರೋರು, ಅವರ ಬೆನ್ನಿಗೇ ಹೊಸ ಡ್ರೈವರ್, ಕೊನೆಗೆ ಎಲ್ಲರಿಗಿಂತ ಅನುಭವ ಇರೋರು. ಪಂಕ್ಚರ್ ಕಿಟ್, ಗಾಳಿ ಹೊಡೆಯೋ ಪಂಪ್, ಜಂಪರ್ ಕೇಬಲ್ ಕೊನೆಯ ಕಾರಿನಲ್ಲೇ ಇರಲಿ. ಹೊಸಬರ ಸ್ಪೀಡೇ ತಂಡದ ಸ್ಪೀಡ್.

3. ಸೇರೋ ಜಾಗಗಳನ್ನ ಮೊದಲೇ ಗೊತ್ತು ಮಾಡಿ. ಉದಾಹರಣೆಗೆ ಪಿರಂಗುಟ್‌ನಲ್ಲಿ ಪೆಟ್ರೋಲ್, ಪೌಡ್‌ನಲ್ಲಿ ಮಿಸಳ್, ಮುಳಶಿ ಹಿನ್ನೀರಿನ ಹತ್ತಿರ ಒಂದು ನಿಲುಗಡೆ, ಆಮೇಲೆ ತಾಮ್ಹಿಣಿ. ಯಾರಾದ್ರೂ ತಪ್ಪಿಸಿಕೊಂಡರೆ ಗಾಬರಿ ಬೇಡ, ನೇರವಾಗಿ ಮುಂದಿನ ಜಾಗಕ್ಕೆ ಬರೋದು ಅಷ್ಟೇ. ಘಾಟ್ ಒಳಗೆ ಹಲವು ಕಡೆ ಮೊಬೈಲ್ ಸಿಗ್ನಲ್ ಸಿಗಲ್ಲ, ಆದ್ದರಿಂದ ಮ್ಯಾಪನ್ನ ಹಿಂದಿನ ರಾತ್ರಿಯೇ ಆಫ್‌ಲೈನ್ ಇಳಿಸಿಕೊಳ್ಳಿ.

4. ತಿರುವು ಬಂದಾಗ ನಿಮ್ಮ ಹಿಂದಿನ ಕಾರು ಕಾಣದಿದ್ರೆ, ತಿರುಗಿದ ಮೇಲೆ ಸುರಕ್ಷಿತ ಜಾಗ ನೋಡಿ ಪಕ್ಕಕ್ಕೆ ನಿಲ್ಲಿ. ನಿಮ್ಮ ಹಿಂದಿನವರ ಜವಾಬ್ದಾರಿ ನಿಮ್ಮದು.

5. ಫೋನ್, ಮೆಸೇಜ್ ಎಲ್ಲಾ ಪಕ್ಕದ ಸೀಟಿನವರ ಕೆಲಸ. ಡ್ರೈವರ್ ಕೈಯಲ್ಲಿ ಫೋನ್ ಬೇಡವೇ ಬೇಡ.

ಘಾಟ್‌ನಲ್ಲಿ

ಹತ್ತೋ ವಾಹನಕ್ಕೆ ಮೊದಲು ದಾರಿ ಬಿಡಬೇಕು, ಇದು ನಿಯಮವೂ ಹೌದು. ಇಳಿಯುವಾಗ, ಹತ್ತೋಕೆ ಯಾವ ಗೇರ್ ಬೇಕಿತ್ತೋ ಅದೇ ಗೇರ್ ಹಾಕಿ. ಬರೀ ಬ್ರೇಕ್ ಮೇಲೆ ಇಳಿದರೆ ಬ್ರೇಕ್ ಬಿಸಿಯಾಗಿ ಹಿಡಿತ ಕಳಕೊಳ್ಳುತ್ತೆ. ಮಂಜಿನಲ್ಲಿ ಹೈ ಬೀಮ್ ಹಾಕಿದ್ರೆ ಬೆಳಕು ವಾಪಸ್ ಕಣ್ಣಿಗೇ ಹೊಡೆಯುತ್ತೆ, ಲೋ ಬೀಮ್ ಸಾಕು. ಹಜಾರ್ಡ್ ಲೈಟ್ ಹಾಕಿಕೊಂಡು ಓಡಿಸಬೇಡಿ, ನೀವು ಎಡಕ್ಕೋ ಬಲಕ್ಕೋ ಅನ್ನೋದು ಹಿಂದಿನವರಿಗೆ ಗೊತ್ತೇ ಆಗಲ್ಲ. ಜಲಪಾತ ಎಷ್ಟೇ ಚೆನ್ನಾಗಿದ್ರೂ ತಿರುವಿನಲ್ಲಿ ಕಾರು ನಿಲ್ಲಿಸಬೇಡಿ. ಹಿಂದಿನ ದಿನ ಭಾರೀ ಮಳೆಯಾಗಿದ್ರೆ ಅಥವಾ ಗುಡ್ಡ ಕುಸಿತದ ಎಚ್ಚರಿಕೆ ಇದ್ರೆ ಡ್ರೈವ್ ಮುಂದಕ್ಕೆ ಹಾಕಿ. ಘಾಟ್ ಎಲ್ಲೂ ಓಡಿಹೋಗಲ್ಲ.

ಇನ್ನು ಟರ್ಬೋ ಇಂಜಿನ್ ಇರೋ ಸ್ನೇಹಿತರಿಗೆ ಒಂದು ಮಾತು. ರಸ್ತೆಯಲ್ಲಿ ರೇಸ್ ಮಾಡೋದು ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ. ಮೊದಲ ಸಲವೇ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಾರಿನ ಹುಚ್ಚು ತೀರಿಸಿಕೊಳ್ಳೋಕೆ ನಿಲುಗಡೆಗಳಿವೆ. ಬಾನೆಟ್ ಎತ್ತಿ, ಟೈರ್ ನೋಡಿ, ಡೀಸೆಲ್ಲಾ ಪೆಟ್ರೋಲಾ ಅಂತ ಮಿಸಳ್ ತಣ್ಣಗಾಗೋವರೆಗೂ ಜಗಳ ಆಡಿ!

ಹೊರಡೋ ಮುಂಚೆ ಹತ್ತು ನಿಮಿಷ ಎಲ್ಲರನ್ನೂ ನಿಲ್ಲಿಸಿ ಇಷ್ಟನ್ನೂ ಬಾಯಿಬಿಟ್ಟು ಹೇಳಿ. ಮುಖ್ಯವಾಗಿ ಹೊಸ ಡ್ರೈವರ್‌ಗೆ: "ನೀನು ಆರಾಮಾಗಿ ಬಾ, ನಾವು ಕಾಯ್ತೀವಿ." ಈ ಮಾತು ಕೇಳಿದವನು ಮುಂದಿನ ಸಲವೂ ಬರ್ತಾನೆ, ಅಪ್ಪ ಅಮ್ಮನ್ನೂ ಕರ್ಕೊಂಡು ಬರ್ತಾನೆ.