ಕಂಕುಳಲ್ಲೊಂದು ಎತ್ತು

ಗಾಲಿಗೆ ಮೆತ್ತಿದ್ದು ಒಂದು ಗ್ರಾಂ ಎರೆಮಣ್ಣು. ಹೆಚ್ಚೆಂದರೆ ಎರಡು ಶೇಂಗಾ ಬೀಜದ ತೂಕ. ಕಾರ ಹುಣ್ಣಿಮೆಯ ಮರುದಿನ, ಹಿಂದಿನ ಸಂಜೆ ಬಿದ್ದ ಮಳೆಗೆ ಟ್ರ್ಯಾಕ್ಟರುಗಳು ಹೊಲದಿಂದ ಹೊತ್ತು ತಂದು ಜಮಖಂಡಿ ಹತ್ತಿರದ ನಮ್ಮೂರ ಡಾಂಬರಿನ ಮೇಲೆ ಉದುರಿಸಿ ಹೋಗಿದ್ದ ಮಣ್ಣು. ಬೆಂಗಳೂರಿನಲ್ಲಿ ಓದುವ ನನ್ನ ತಂಗಿಯ ಮಗ ತನ್ನ ರಿಮೋಟಿನ ರೇಸಿನ ಕಾರನ್ನು ತಲೆಕೆಳಗೆ ಮಾಡಿ ತೊಡೆಯ ಮೇಲಿಟ್ಟುಕೊಂಡು, ಹಲ್ಲುಜ್ಜುವ ಬ್ರಷ್ಷಿನಿಂದ ಅದನ್ನು ಕೆರೆಯುತ್ತ ಕೂತಿದ್ದ.

“ಇಷ್ಟು ಮಣ್ಣಿಗೆ ಏನ ಆಕ್ಕೈತೋ?” ಅಂದೆ.

“ಮಾಮಾ, ಓಡೂಮುಂದ ಇದು ಸವಾ ಕಿಲೋ ಆಕ್ಕೈತಿ” ಅಂದ.

ಹುಡುಗ ಬುರುಡೆ ಬಿಡುತ್ತಿದ್ದಾನೆ ಅಂದುಕೊಂಡೆ. ರಾತ್ರಿ ಊಟವಾದ ಮೇಲೆ ಹಾಳೆ ತಗೊಂಡು ಕೂತೆ. ಕಾರಿನ ಓಟ ಗಂಟೆಗೆ 72 ಕಿಲೋಮೀಟರ್, ಅಂದರೆ ಸೆಕೆಂಡಿಗೆ 20 ಮೀಟರ್. ಗಾಲಿಯ ನಡುವಿನಿಂದ ಅಂಚಿಗೆ ಮೂರು ಸೆಂಟಿಮೀಟರ್ ಚಿಲ್ಲರೆ. ವೇಗದ ವರ್ಗವನ್ನು ಆ ಅಳತೆಯಿಂದ ಭಾಗಿಸಿದರೆ ಬರುವುದು ಭೂಮಿಯ ಸೆಳೆತದ ಸುಮಾರು 1270 ಪಟ್ಟು. ಒಂದು ಗ್ರಾಂ ಮಣ್ಣು ಗಾಲಿಯನ್ನು ಹೊರಕ್ಕೆ ಎಳೆಯುವುದು ಸವಾ ಕಿಲೋ ಜೋರಿನಿಂದಲೇ. ಇಡೀ ಕಾರಿನ ತೂಕ 1.3 ಕಿಲೋ. ಅಂದರೆ ಎರಡು ಶೇಂಗಾ ಬೀಜದಷ್ಟು ಕೆಸರು ಕಾರಿನಷ್ಟೇ ಭಾರವಾಗಿ ಗಾಲಿಯನ್ನು ಅಲುಗಿಸುತ್ತದೆ, ಅದೂ ಸೆಕೆಂಡಿಗೆ ನೂರು ಸಲ. ಯಾಕೆಂದರೆ ಆ ಗಾಲಿಯ ಸುತ್ತಳತೆ ಇಪ್ಪತ್ತೇ ಸೆಂಟಿಮೀಟರ್. 20 ಮೀಟರ್ ಹೋಗಲು ನೂರು ಸುತ್ತು ಸುತ್ತಲೇಬೇಕು. ನಮ್ಮ ಐದಡಿಯ ಚಕ್ಕಡಿ ಗಾಲಿ ಒಂದು ಸುತ್ತಿನಲ್ಲಿ ದಾಟುವ ದೂರಕ್ಕೆ ಇದಕ್ಕೆ 24 ಸುತ್ತು ಬೇಕು.

ಆ ರಾತ್ರಿ ನಿದ್ದೆ ತಡವಾಗಿ ಬಂತು. ಲೆಕ್ಕದ ಹುಳ ತಲೆ ಹೊಕ್ಕಿತ್ತು.

ಈ ಕಾರು ನಿಜವಾದ ಕಾರಿನ ಹತ್ತನೇ ಒಂದು ಅಳತೆಯದು: ಉದ್ದ 43 ಸೆಂಟಿಮೀಟರ್ ಆಸುಪಾಸು, ಅಗಲ 19. ಆದರೆ ತೂಕ ಹತ್ತನೇ ಒಂದಲ್ಲ. ಉದ್ದದಲ್ಲಿ ಹತ್ತು, ಅಗಲದಲ್ಲಿ ಹತ್ತು, ಎತ್ತರದಲ್ಲಿ ಹತ್ತು ಕುಗ್ಗಿದರೆ ತೂಕ ಸಾವಿರದಲ್ಲಿ ಒಂದಾಗುತ್ತದೆ. 1300 ಕಿಲೋದ ಸಂಸಾರದ ಕಾರು 1.3 ಕಿಲೋಗೆ ಇಳಿಯುವುದು ಹಾಗೆ. ಅದೇ ನ್ಯಾಯದಿಂದ ಕಾರಿನ 65 ಕಿಲೋವ್ಯಾಟ್ ಎಂಜಿನ್ನಿಗೆ ಬದಲಾಗಿ ಇದಕ್ಕೆ 65 ವ್ಯಾಟ್ ಮೋಟರ್ ಸಾಕಿತ್ತು. ಪಂದ್ಯದ ಹುಚ್ಚಿಗೆ ಸಾಕಾಗುವುದಿಲ್ಲ. ಬ್ಯಾಟರಿಯಿಂದ ಐದು ನಿಮಿಷದಲ್ಲಿ 4000 ಮಿಲಿಆಂಪಿಯರ್ ಅವರ್ ಹೀರಿಕೊಂಡರೆ ಸರಾಸರಿ ಹರಿದ ಕರೆಂಟು 48 ಆಂಪಿಯರ್. ಬ್ಯಾಟರಿ 7.4 ವೋಲ್ಟಿನದು. ಗುಣಿಸಿ: 355 ವ್ಯಾಟ್. ಮನೆಯ ಮಿಕ್ಸರ್ ಶೇಂಗಾ ಹಿಂಡಿ ಅರೆಯುವಾಗ ಗೋಡೆಯಿಂದ ಎಳೆಯುವುದು ಎರಡೋ ಮೂರೋ ಆಂಪಿಯರ್. ಇಲ್ಲಿ ನಲವತ್ತೆಂಟು, ಬೆರಳಿಗಿಂತ ಸಣ್ಣ ವಾಯರಿನಲ್ಲಿ.

355 ವ್ಯಾಟ್ ಅಂದರೆ ಹತ್ತಿರ ಹತ್ತಿರ ಅರ್ಧ ಎಚ್‌ಪಿ. ಅರ್ಧ ಎಚ್‌ಪಿ ಅಂದರೆ ಏನು? ಬೇಸಾಯದ ಎಂಜಿನಿಯರಿಂಗ್ ಪಠ್ಯಗಳಲ್ಲಿ ಬಹಳ ಹಿಂದಿನಿಂದ ಒಂದು ಅಂದಾಜು ಇದೆ: ಒಂದು ಜೋಡಿ ಎತ್ತು ಸುಮಾರು ಒಂದು ಎಚ್‌ಪಿ. ಹಾಗಾದರೆ ಒಂಟಿ ಎತ್ತು ಅರ್ಧ. ನನ್ನ ಪೆನ್ನು ನಿಂತದ್ದು ಇಲ್ಲಿ. ಹುಡುಗ ಸಂಜೆ ಕಂಕುಳಲ್ಲಿ ಇರುಕಿಕೊಂಡು ಮನೆಯೊಳಗೆ ಬಂದದ್ದು ಒಂದು ಎತ್ತನ್ನು. ಗಾಲಿಗೆ ತಲುಪುವ ಮೊದಲು ಬಿಸಿಯಾಗಿ ಸೋರಿಹೋಗುವ ಪಾಲನ್ನು ಕಳೆದರೂ, ಎತ್ತಲ್ಲದಿದ್ದರೆ ಹೋರಿಗರು ಅನ್ನಬಹುದು.

ಬನಹಟ್ಟಿಯ ನೇಕಾರರಿಗೆ ಈ ಲೆಕ್ಕ ಇನ್ನೂ ಬೇಗ ತಿಳಿದೀತು. ಅಲ್ಲಿಯ ಪವರ್‌ಲೂಮಿಗೆ ಕೂಡಿಸುವ ಮೋಟರ್ ಅರ್ಧದಿಂದ ಒಂದು ಎಚ್‌ಪಿಯದು. ಒಬ್ಬನೇ ಎತ್ತಿಡಲು ಸೊಂಟ ನೋಯುವಷ್ಟು ಭಾರ. ಈ ಕಾರಿನ ಮೋಟರ್ ಹೆಚ್ಚುಕಡಿಮೆ ಟಾರ್ಚಿನ ದಪ್ಪ ಸೆಲ್ಲಿನಷ್ಟೇ, ಮುಷ್ಟಿಯೊಳಗೆ ಮುಚ್ಚಬಹುದು. ಜೋರಾದ ಮೋಟರಾದರೆ ಒಂದು ವೋಲ್ಟಿಗೆ 7000 ಸುತ್ತು, 7.4 ವೋಲ್ಟಿಗೆ, ಭಾರವಿಲ್ಲದೆ ಬಿಟ್ಟರೆ, ನಿಮಿಷಕ್ಕೆ 51,800. ಮಗ್ಗ ನಿಮಿಷಕ್ಕೆ 120 ಹೊಡೆತ ಹೊಡೆಯುತ್ತಿದೆ ಅಂತಿಟ್ಟುಕೊಳ್ಳಿ. ಒಂದು ಹೊಡೆತದಿಂದ ಮುಂದಿನ ಹೊಡೆತಕ್ಕೆ ಬರುವುದರೊಳಗೆ ಈ ಮೋಟರ್ 430 ಸುತ್ತು ಮುಗಿಸಿರುತ್ತದೆ. ಇನ್ನೊಂದು ತಮಾಷೆ: ನೂಲಿನ ಕೌಂಟು ಏರಿದಷ್ಟೂ ಎಳೆ ಸಣ್ಣದಾಗುವ ಹಾಗೆ, ಈ ಮೋಟರಿಗೂ ತಿರುವುಮುರುವಿನ ಲೆಕ್ಕವಿದೆ. ತಾಮ್ರದ ತಂತಿ ಎಷ್ಟು ಸುತ್ತು ಅಂತ ಅದರ ಮೈಮೇಲೆ ಬರೆದಿರುತ್ತದೆ: 17.5, 13.5, 4.5. ಅಂಕಿ ಇಳಿದಷ್ಟೂ ಮೋಟರ್ ಹುಚ್ಚು. ಹೊಸಬರು 4.5 ಕೊಂಡು ಮೊದಲ ತಿರುವಿನಲ್ಲೇ ಗೋಡೆಗೆ ಹೋಗುತ್ತಾರಂತೆ.

ಈ ಕಾರುಗಳಿಗೂ ಒಂದು ಬಡತನದ ಕಾಲವಿತ್ತು. ಜಪಾನಿನ ತಮಿಯಾ ಕಂಪನಿ 1976ರಲ್ಲಿ ಪೋರ್ಶೆ 934 ಕಾರಿನ ರೇಡಿಯೋ ಮಾದರಿ ಹೊರತಂದಾಗ ಶುರುವಾದ ಹುಚ್ಚು, 1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ಮಣ್ಣುಹಾದಿಯ ಎಲೆಕ್ಟ್ರಿಕ್ ಕಾರುಗಳ ವಿಶ್ವ ಪಂದ್ಯದವರೆಗೆ ಬೆಳೆಯಿತು. ಆಗಿನ ಬ್ಯಾಟರಿಯ ಹೊಟ್ಟೆ 1200 ಮಿಲಿಆಂಪಿಯರ್ ಅವರ್. ಇಂದಿನ 6000ದ ಲಿಥಿಯಂ ಬ್ಯಾಟರಿಯ ಐದನೇ ಒಂದು ಪಾಲು ಶಕ್ತಿ. ಆ ದಿನಗಳಲ್ಲಿ ಗೆಲ್ಲುವುದೆಂದರೆ ಓಡಿಸುವುದಲ್ಲ, ಉಳಿಸುವುದು. ಮುಂದಿದ್ದವನ ಕಾರು ಕೊನೇ ಸುತ್ತಿನಲ್ಲಿ ಉಸಿರು ಬಿಟ್ಟು, ಹಿಂದಿದ್ದವನು ಮೆಲ್ಲಗೆ ದಾಟಿ ಹೋಗುವುದು ಮಾಮೂಲು. ಜಪಾನಿನ ಮಸಾಮಿ ಹಿರೋಸಾಕಾ 1987ರಲ್ಲಿ ಹದಿಹರೆಯದಲ್ಲೇ ಮೊದಲ ವಿಶ್ವ ಪಟ್ಟ ಗೆದ್ದು, ಮುಂದೆ ಒಟ್ಟು 14 ಗೆದ್ದರು.

ರೇಡಿಯೋದ ಫಜೀತಿ ಬೇರೆ. ಆಗ 27 ಮೆಗಾಹರ್ಟ್ಸ್, ಚಾನೆಲ್ ಗೊತ್ತುಮಾಡುವ ಆರೇ ಆರು ಬಣ್ಣದ ಹರಳುಗಳು. ಇಬ್ಬರ ಹತ್ತಿರ ಒಂದೇ ಬಣ್ಣವಿದ್ದರೆ ಒಬ್ಬನ ಕಾರು ಇನ್ನೊಬ್ಬನ ಮಾತು ಕೇಳುತ್ತಿತ್ತು. ಆ ಅಲೆಯ ಉದ್ದ 11 ಮೀಟರ್: ಎರಡು ಚಕ್ಕಡಿಗಳನ್ನು ಎತ್ತು ಸಮೇತ ಹಿಂದೆ ಮುಂದೆ ನಿಲ್ಲಿಸಿದಷ್ಟು. ಹಾಗಾಗಿ ಕಾರಿನ ಬೆನ್ನ ಮೇಲೆ ಉದ್ದನೆಯ ಏರಿಯಲ್ ಓಲಾಡುತ್ತಿತ್ತು. ಈಗಿನ 2.4 ಗಿಗಾಹರ್ಟ್ಸ್ ಅಲೆ ಹನ್ನೆರಡೂವರೆ ಸೆಂಟಿಮೀಟರ್, ಅರ್ಧ ಗೇಣಿಗಿಂತ ತುಸು ಹೆಚ್ಚು. ಏರಿಯಲ್ ಒಂದು ಬೆರಳ ಗಿಣ್ಣಿನಷ್ಟಾಗಿ ಒಳಗೇ ಅಡಗಿದೆ. ನಮ್ಮ ದೇಶದಲ್ಲಿ 2005ರಿಂದ ಈ ತರಂಗಪಟ್ಟಿಗೆ ಲೈಸೆನ್ಸಿನ ಗೊಡವೆ ಇಲ್ಲ.

ಈಗ ವೇಗದ ವಿಷಯ. ಇಲ್ಲಿ ಸ್ವಲ್ಪ ಜಗಳವಿದೆ. ಈ ಕಾರುಗಳ ಅಭಿಮಾನಿಗಳು 72ನ್ನು ಹತ್ತರಿಂದ ಗುಣಿಸಿ “ಇದು ದೊಡ್ಡ ಕಾರಾಗಿದ್ದರೆ ಗಂಟೆಗೆ 720 ಕಿಲೋಮೀಟರ್” ಅನ್ನುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಕಾರನ್ನು ಕುಗ್ಗಿಸಬಹುದು, ಭೂಮಿಯ ಸೆಳೆತವನ್ನು ಕುಗ್ಗಿಸಲು ಬರುವುದಿಲ್ಲ. ಹತ್ತನೇ ಒಂದು ಎತ್ತರದಿಂದ ಬೀಳುವ ಕಲ್ಲು ಹತ್ತನೇ ಒಂದು ಹೊತ್ತಿನಲ್ಲಿ ನೆಲ ಮುಟ್ಟುವುದಿಲ್ಲ. ಮೂರನೇ ಒಂದರಷ್ಟು ಹೊತ್ತು ತಗೊಳ್ಳುತ್ತದೆ, ಹತ್ತರ ವರ್ಗಮೂಲದ ಲೆಕ್ಕದಲ್ಲಿ. ಹಾರುವುದು, ಜಿಗಿಯುವುದು, ಪಲ್ಟಿಯಾಗುವುದು ಎಲ್ಲ ಆ ತಾಳಕ್ಕೇ ನಡೆಯುತ್ತವೆ. ಆ ನ್ಯಾಯದಲ್ಲಿ 72 ಕಿಲೋಮೀಟರ್ 228 ಆಗುತ್ತದೆ. 720 ಜಾತ್ರೆಯ ಮೈಕಿನ ಅಂಕಿ, 228 ಪಟ್ಟಿ ಹಿಡಿದು ಅಳೆದ ಅಂಕಿ. ನನಗೆ ಎರಡನೆಯದೇ ಬೆರಗು.

ಗುಣಿಸದೆಯೂ ಬೆರಗಾಗುವ ಅಂಕಿ ಒಂದಿದೆ. 2014ರ ಅಕ್ಟೋಬರ್ 25ರಂದು ಅಮೆರಿಕದ ಯೂಟಾದ ಸೇಂಟ್ ಜಾರ್ಜ್‌ನಲ್ಲಿ ನಿಕ್ ಕೇಸ್ ಅನ್ನುವವರ ಬ್ಯಾಟರಿ ಕಾರು ಗಂಟೆಗೆ 325.12 ಕಿಲೋಮೀಟರ್ ಓಡಿ ಗಿನ್ನೆಸ್ ಪುಸ್ತಕ ಸೇರಿತು. ಜಮಖಂಡಿಯಿಂದ ಮುಧೋಳಕ್ಕೆ ನೇರ ಗೆರೆ ಎಳೆದರೆ ಹತ್ತೊಂಬತ್ತು ಕಿಲೋಮೀಟರ್ ಆಸುಪಾಸು. ಆ ಓಟದಲ್ಲಿ ಮೂರೂವರೆ ನಿಮಿಷದ ದಾರಿ. ಸ್ಟ್ಯಾಂಡಿನಲ್ಲಿ ಬಸ್ಸಿನ ಕಂಡಕ್ಟರ್ ಇನ್ನೂ ಚಹಾ ಊದುತ್ತಿರುತ್ತಾನೆ. ಮುಧೋಳ ನಾಯಿ ಗಂಟೆಗೆ ಐವತ್ತು ಓಡುತ್ತದೆ ಅನ್ನುವುದು ನಮ್ಮ ಕಡೆಯ ಮಾತು. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಹಿಂದೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ನೆನಪಿರಬೇಕು. ಅದು ಗಂಟೆಗೆ 37.7. ಅಳಿಯನ ಕಾರು ಅಷ್ಟು ದೂರವನ್ನು ತನ್ನ ಪೂರ್ತಿ ಓಟದಲ್ಲಿ ಏಳೇ ಸೆಕೆಂಡಿಗೆ ದಾಟುತ್ತದೆ. ಆದರೆ ಕೆಸರುಗದ್ದೆಗೆ ಇಳಿಸಿದರೆ ಏಳು ಅಂಗುಲವೂ ದಾಟಲಿಕ್ಕಿಲ್ಲ.

ಅಲ್ಲೇ ಇರುವುದು ನಮ್ಮ ಕಡೆಯ ತೊಂದರೆ. ರಸ್ತೆಯ ಪಂದ್ಯದ ಕಾರಿಗೂ ನೆಲಕ್ಕೂ ನಡುವೆ ಇರುವ ಸಂದು ಐದು ಮಿಲಿಮೀಟರ್. ಒಂದು ಶೇಂಗಾ ಸಿಪ್ಪೆ ಅದರ ಪಾಲಿಗೆ ರಸ್ತೆಯುಬ್ಬು. ಟ್ರ್ಯಾಕ್ಟರ್ ಉದುರಿಸಿದ ಹೆಂಟೆ ಗುಡ್ಡ. ಬೀಳಗಿ ಕಡೆ ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಹೋಗುವ ಗಾಡಿಗಳ ಹಿಂದೆ ಬಿದ್ದಿರುವ ಒಂದು ಕಬ್ಬಿನ ಜಲ್ಲೆ ಈ ಕಾರಿಗೆ, ಹತ್ತರಿಂದ ಗುಣಿಸಿದರೆ, ರಸ್ತೆಗೆ ಅಡ್ಡಬಿದ್ದ ಬೇವಿನ ದಿಮ್ಮಿ. ನುಣುಪಾದ ಸಿಮೆಂಟಿನ ನೆಲ ಬೇಕೆಂದರೆ ನಮ್ಮಲ್ಲಿ ಮಾರುಕಟ್ಟೆಯ ಕಟ್ಟೆಗಳೇ ಗತಿ. ರೇಸಿನವರು ಹಿಡಿತಕ್ಕೆಂದು ಟೈರಿಗೆ ಅಂಟುದ್ರವ ಸವರುತ್ತಾರೆ, ಪುಟ್ಟ ಬಾಟಲಿಗೆ ನೂರಾರು ರೂಪಾಯಿ ಕೊಡುತ್ತಾರೆ. ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಓಡಿಸಿದರೆ ಅದು ಪುಕ್ಕಟೆ.

ಬಿಸಿಲು ಇನ್ನೊಂದು. ಮೋಟರಿನ ಬಿಸಿ 80 ಡಿಗ್ರಿ ದಾಟಿತೆಂದರೆ ರೇಸಿನವರ ಮುಖ ಬಾಡುತ್ತದೆ; ಒಳಗಿನ ಅಯಸ್ಕಾಂತದ ಸತ್ವ ಹೋಗುವ ಭಯ. ನಮ್ಮ ಏಪ್ರಿಲ್‌ನಲ್ಲಿ ನಿಂತಲ್ಲೇ 40 ಡಿಗ್ರಿ. ಓಟ ಶುರುವಾಗುವ ಮೊದಲೇ ಅರ್ಧ ದಾರಿ ಮುಗಿದಿರುತ್ತದೆ. ಲಿಥಿಯಂ ಬ್ಯಾಟರಿಯದು ಬಾಣಂತಿಯ ಪಥ್ಯ: ಒಂದು ಸೆಲ್ಲಿಗೆ 4.2 ವೋಲ್ಟಿಗಿಂತ ಹೆಚ್ಚು ತುಂಬಬಾರದು, 3ಕ್ಕಿಂತ ಕೆಳಗೆ ಇಳಿಸಬಾರದು, ಚಾರ್ಜಿಗೆ ಬೆಂಕಿ ತಡೆಯುವ ಚೀಲ ಬೇಕು. ಅಳಿಯನ ಒಂದು ಬ್ಯಾಟರಿ ಹೋದ ಬೇಸಿಗೆಯಲ್ಲಿ ಹಪ್ಪಳದ ಹಾಗೆ ಉಬ್ಬಿ ಕೂತಿತು, ಅದರ ಕತೆ ಅಷ್ಟಕ್ಕೆ ಮುಗಿಯಿತು.

ಮರುದಿನ ಮಧ್ಯಾಹ್ನ ರಸ್ತೆ ಒಣಗಿದ ಮೇಲೆ, ಓಣಿಯ ಹುಡುಗರೆಲ್ಲ ಸೇರಿ ಕಸಬರಿಗೆ ಹಿಡಿದು ಇನ್ನೂರು ಅಡಿ ಗುಡಿಸಿದರು. ಅಳಿಯ ರಿಮೋಟು ನನ್ನ ಕೈಗೆ ಕೊಟ್ಟ. “ಮಾಮಾ, ಬಳ್ಳು ಸಾವಕಾಶ ಒತ್ರಿ.” ಒತ್ತಿದೆ. ಕಾರು ನಿಂತಲ್ಲಿ ಇರಲಿಲ್ಲ. ಕಣ್ಣು ಕಂಡದ್ದು ಬೆರಳಿಗೆ ತಿಳಿಯಲು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಅಷ್ಟರಲ್ಲಿ ಅದು ನಾಲ್ಕು ಮೀಟರ್ ಹೋಗಿರುತ್ತದೆ. ದೊಡ್ಡ ಕಾರಿಗೆ ಅದು ಒಂದು ಕಾರಿನ ಉದ್ದ, ಇದಕ್ಕೆ ಒಂಬತ್ತು ಕಾರಿನ ಉದ್ದ. ಮೇಲಾಗಿ ಕಾರು ತಿರುಗಿ ನಮ್ಮ ಕಡೆ ಬರುವಾಗ ಎಡ ಬಲ ಅದಲುಬದಲು. ನಾನು ಬಲಕ್ಕೆ ಹೊರಳಿಸಿದೆ, ಅದು ಎಡಕ್ಕೆ ಹೋಗಿ ಗಟಾರದ ಕಲ್ಲಿಗೆ ಬಡಿದು ಮೂರು ಪಲ್ಟಿ ಹೊಡೆಯಿತು. ಎದೆ ಧಸಕ್ಕೆಂದಿತು. ಎತ್ತಿ ನೋಡಿದರೆ ಒಂದು ಗೀರು, ಅಷ್ಟೇ. ಕುಗ್ಗಿದಾಗ ತೂಕ ಸಾವಿರದಲ್ಲಿ ಒಂದಾದರೂ ಎಲುಬಿನ ಗಟ್ಟಿತನ ನೂರರಲ್ಲಿ ಒಂದೇ ಆಗುವುದು. ತೂಕಕ್ಕೆ ಹೋಲಿಸಿದರೆ ಹತ್ತು ಪಟ್ಟು ಗಟ್ಟಿ. ಬೇವಿನ ತುದಿಯಿಂದ ಬಿದ್ದ ಅಳಿಲು ಮೈ ಕೊಡವಿ ಓಡುವುದು, ಬಾವಿಗೆ ಬಿದ್ದ ಎಮ್ಮೆ ಏಳದಿರುವುದು ಇದೇ ಕಾರಣಕ್ಕೆ. ಗೆಲಿಲಿಯೋ 1638ರಲ್ಲೇ ಇದನ್ನು ಬರೆದಿದ್ದ.

ನನ್ನ ಕೈಯಿಂದ ರಿಮೋಟು ಇಸಕೊಂಡವನು ಫ್ಯಾಕ್ಟರಿಗೆ ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಡ್ರೈವರ್. ಊರ ಜಾತ್ರೆಗಳಲ್ಲಿ ಟ್ರೇಲರ್ ಸಮೇತ ಟ್ರ್ಯಾಕ್ಟರ್ ರಿವರ್ಸ್ ಹೊಡೆಯುವ ಪಂದ್ಯದಲ್ಲಿ ಪಳಗಿದವನು. ರಿವರ್ಸಿನಲ್ಲಿ ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟಿಯರಿಂಗ್ ಬಲಕ್ಕೆ; ಎರಡು ಟ್ರೇಲರ್ ಇದ್ದರೆ ಆ ಉಲ್ಟಾಕ್ಕೆ ಇನ್ನೊಂದು ಉಲ್ಟಾ. ಎದುರು ಬರುವ ಕಾರಿನ ಎಡಬಲ ಅವನಿಗೆ ಯಾವ ಲೆಕ್ಕ? ಎರಡನೇ ಸುತ್ತಿಗೇ ಕೈ ಕೂತಿತು, ನಾಲ್ಕನೆಯದಕ್ಕೆ ಅಳಿಯನ ಬಾಯಿ ಮುಚ್ಚಿತು.

ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ ಕಾಕಾ ಒಬ್ಬರು ಮೊನ್ನೆಯ ಹುಣ್ಣಿಮೆಗಷ್ಟೇ ತಮ್ಮ ಎತ್ತುಗಳ ಕೊಂಬಿಗೆ ಬಣ್ಣ ಬಳಿದು ಕರಿ ಹರಿಯಲು ಬಿಟ್ಟವರು. ತೆರಬಂಡಿ ಪಂದ್ಯದಲ್ಲೂ ಹೆಸರಿದ್ದ ಮನೆತನ. “ಇದು ಎಷ್ಟು ಮೇವು ತಿಂತೈತಿ?” ಅಂತ ಕೇಳಿದರು. ಲೆಕ್ಕ ನನ್ನ ಜೇಬಿನಲ್ಲೇ ಇತ್ತು. ಬ್ಯಾಟರಿ ಪೂರ್ತಿ ತುಂಬಿದರೆ 44 ವ್ಯಾಟ್ ಅವರ್. ಯೂನಿಟ್ಟಿಗೆ ಏಳು ರೂಪಾಯಿ ಹಿಡಿದರೂ 31 ಪೈಸೆ. ಒಂದು ಯೂನಿಟ್ಟಿಗೆ ಇಪ್ಪತ್ತೆರಡು ಪಂದ್ಯ. ಕಾಕಾನ ಹುಬ್ಬು ಏರಿತು. ಕಾರು, ರಿಮೋಟು, ಚಾರ್ಜರ್ ಎಲ್ಲ ಸೇರಿ ಲಕ್ಷದ ಮಾತು ಅಂದಾಗ ಏರಿದ ಹುಬ್ಬು ಇಳಿಯಲಿಲ್ಲ; ಪಂದ್ಯದ ಎತ್ತಿಗೆ ಲಕ್ಷಗಳನ್ನು ಕೊಟ್ಟವರಿಗೆ ಅದು ಹೊಸದಲ್ಲ. ಇದರೊಳಗೆ ಒಂದು ಎತ್ತಿನ ಶಕ್ತಿ ಇದೆ ಅಂತಲೂ ಹೇಳಿದೆ. ಅವರು ನಗಲಿಲ್ಲ.

“ಎಷ್ಟೊತ್ತು ದುಡಿತೈತಿ?”

“ಐದು ನಿಮಿಷ, ಕಾಕಾ.”

ಎತ್ತು ದಿನಕ್ಕೆ ಆರು ತಾಸು ಗಳೇ ಹೊಡೆಯುತ್ತದೆ. ಈ ಕಾರಿನಿಂದ ಅಷ್ಟು ಹೊತ್ತು ದುಡಿಸಬೇಕೆಂದರೆ 72 ಬ್ಯಾಟರಿ, ಒಂದೊಂದು ಮುನ್ನೂರು ಗ್ರಾಂ ಹಿಡಿದರೆ ಇಪ್ಪತ್ತೊಂದೂವರೆ ಕಿಲೋ. ಇದನ್ನೂ ಹೇಳುವವನಿದ್ದೆ. ಅಷ್ಟರಲ್ಲಿ ರಸ್ತೆಯ ಆ ತುದಿಯಲ್ಲಿ ಕಾರು ತಾನಾಗೇ ನಿಧಾನವಾಗಿ, ನಿಂತುಬಿಟ್ಟಿತು. ಅಳಿಯ ಹೋಗಿ ಎತ್ತಿಕೊಂಡು ಬಂದ, ಮತ್ತೆ ಕಂಕುಳಲ್ಲಿ.

“ಈಗೇನು?” ಅಂದರು ಕಾಕಾ.

“ಒಂದು ತಾಸು ಚಾರ್ಜಿಗೆ ಹಚ್ಚಬೇಕ್ರಿ.”

ಕಾಕಾ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದರು. “ಐದು ನಿಮಿಷ ದುಡದು ತಾಸು ಮೇಯತೈತಿ! ಇಂಥಾವು ನಮ್ಮ ಮನ್ಯಾಗೂ ಎರಡು ಅದಾವು” ಅಂದವರೇ, ನೆರಳಲ್ಲಿ ಮೊಬೈಲ್ ಹಿಡಿದು ಕೂತಿದ್ದ ತಮ್ಮ ಮೊಮ್ಮಕ್ಕಳನ್ನು ಕೂಗುತ್ತ ಮನೆ ಕಡೆ ನಡೆದರು.