ಗಾಳಿಕೋವಿಯ ಒದೆತವೂ ಗುರಿಯೂ

ನಡುವಿನ ಕೀಲಿನ ಮೇಲೆ ನಳಿಗೆಯನ್ನು ಕೆಳಕ್ಕೆ ಬಾಗಿಸಿ, ಅದರ ಬುಡದಲ್ಲಿ ಸೀಸದ ಗುಂಡೊಂದನ್ನಿರಿಸಿ, ಮತ್ತೆ ಮೇಲೆತ್ತಿ ಮುಚ್ಚುವ ಗಾಳಿಕೋವಿಯು ಜಾತ್ರೆಗಳ ಬಲೂನಿನಂಗಡಿಗಳ ದೆಸೆಯಿಂದ ನಮ್ಮವರಿಗೆಲ್ಲ ಪರಿಚಿತವಾದುದು. ಆದರೆ ಮದ್ದಿನ ನೆರವಿಲ್ಲದೆ, ಬರಿಯ ವಾಯುವಿನ ಒತ್ತಡದಿಂದಲೇ, ಅರ್ಧ ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ 200 ಮೀಟರಿಗೂ ಮಿಕ್ಕ ವೇಗದಲ್ಲಿ ಹಾರಿಸುವ ಈ ಸರಳ ಯಂತ್ರವು ಗುರಿಯ ವಿಷಯದಲ್ಲಿ ಸಿಡಿಮದ್ದಿನ ರೈಫಲಿಗಿಂತಲೂ ಸೂಕ್ಷ್ಮ ಸ್ವಭಾವದ್ದೆಂಬುದು, ಅದನ್ನು ಹಿಡಿದು ಕಾಗದದ ಗುರಿಯ ಮುಂದೆ ತಾಳ್ಮೆಯಿಂದ ನಿಂತವರಿಗಲ್ಲದೆ ಇತರರಿಗೆ ಸುಲಭವಾಗಿ ಹೊಳೆಯುವಂಥದಲ್ಲ. ಬಲವಾಗಿ ಹಿಡಿದಷ್ಟೂ ಗುಂಡುಗಳು ಚೆದರುತ್ತವೆ. ಕೈ ಸಡಿಲಿಸಿದರೆ ಒಂದೆಡೆ ಕೂಡುತ್ತವೆ. ಈ ವೈಚಿತ್ರ್ಯದ ಕಾರಣವು ಕೋವಿಯ ಅಂತರಂಗದ ಚಲನೆಯಲ್ಲಿ ಅಡಗಿದೆ.

ಬಾಗುವ ನಳಿಗೆಯು ತಾನೇ ಸನ್ನೆಗೋಲಾಗಿ, ಕೊಂಡಿಯೊಂದರ ಮೂಲಕ ಸಿಲಿಂಡರಿನೊಳಗಿನ ಪಿಸ್ಟನ್ನನ್ನು ಹಿಂದಕ್ಕೆ ನೂಕುತ್ತದೆ. ಪಿಸ್ಟನ್ನಿನ ಬೆನ್ನಿಗಿರುವ ಉಕ್ಕಿನ ಸ್ಪ್ರಿಂಗು ಸಂಕುಚಿತಗೊಂಡು ಟ್ರಿಗರಿನ ಕೊಕ್ಕೆಗೆ ಸಿಕ್ಕಿ ನಿಲ್ಲುತ್ತದೆ. ಟ್ರಿಗರನ್ನು ಒತ್ತಿದೊಡನೆ ಬಿಡುಗಡೆಗೊಂಡ ಸ್ಪ್ರಿಂಗು ಪಿಸ್ಟನ್ನನ್ನು ಮುಂದಕ್ಕೆಸೆಯಲು, ಅದರ ಮುಂದಣ ವಾಯುವು ಅತ್ಯಲ್ಪವಾದ ಅವಕಾಶದಲ್ಲಿ ಒತ್ತಲ್ಪಟ್ಟು, ತೀವ್ರವಾಗಿ ಕಾದು, ಕಿರಿದಾದ ರಂಧ್ರವೊಂದರಿಂದ ಗುಂಡಿನ ಹಿಂಬದಿಗೆ ನುಗ್ಗುತ್ತದೆ. ಇಲ್ಲಿ ಗಮನಿಸತಕ್ಕ ಸಂಗತಿಯೆಂದರೆ, ಪಿಸ್ಟನ್ನು ತನ್ನ ಓಟವನ್ನು ಬಹುಮಟ್ಟಿಗೆ ಮುಗಿಸಿದ ಬಳಿಕವೇ ಗುಂಡು ಕದಲುವುದೆಂಬುದು. ಅಷ್ಟರೊಳಗೆ, ಕ್ರಿಯೆಗೆ ಪ್ರತಿಕ್ರಿಯೆ ಸಮವೆಂಬ ನ್ಯೂಟನ್ನನ ನಿಯಮಕ್ಕೆ ಅಧೀನವಾಗಿ, ಇಡೀ ಕೋವಿ ಹಿಂದಕ್ಕೆ ಸರಿದಿರುತ್ತದೆ. ಮೂರೂವರೆ ಕಿಲೋಗ್ರಾಂ ತೂಕದ ಕೋವಿಯಲ್ಲಿ ಕಾಲು ಕಿಲೋಗ್ರಾಂ ತೂಕದ ಪಿಸ್ಟನ್ನು 80 ಮಿಲಿಮೀಟರ್ ಮುಂದಕ್ಕೆ ಓಡಿದರೆ, ತಡೆಯಿಲ್ಲದ ಕೋವಿ ಐದಾರು ಮಿಲಿಮೀಟರಿನಷ್ಟು ಹಿಂಜರಿಯಬೇಕು. ಇಷ್ಟಕ್ಕೇ ಮುಗಿಯಲಿಲ್ಲ, ಒತ್ತಿದ ವಾಯುವಿನ ಮೆತ್ತೆಗೆ ಪಿಸ್ಟನ್ನು ತಾಗಿ ಥಟ್ಟನೆ ನಿಂತಾಗ, ಅದೇ ಕೋವಿ ಈಗ ಮುಂದಕ್ಕೆ ಹಾರುತ್ತದೆ. ಹಿಂದಕ್ಕೂ ಮುಂದಕ್ಕೂ ಆಗುವ ಈ ಎರಡು ಒದೆತಗಳು ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲದಲ್ಲಿ ಜರುಗಿಹೋಗುವುದರಿಂದ, ಮನುಷ್ಯನ ಸ್ನಾಯುಗಳು ಅವನ್ನು ಅರಿತು ತಡೆಯುವುದು ಅಸಾಧ್ಯ. ಗುಂಡು ಇನ್ನೂ ನಳಿಗೆಯಲ್ಲಿರುವಾಗಲೇ ನಳಿಗೆ ಚಲಿಸುತ್ತಿರುತ್ತದೆ.

ಹೀಗಿರುವುದರಿಂದ, ಚಲನೆಯನ್ನು ಅಡಗಿಸುವುದು ಗುರಿಕಾರನ ಸಾಧನೆಯಲ್ಲ. ಪ್ರತಿಸಲವೂ ಕೋವಿ ಒಂದೇ ರೀತಿಯಲ್ಲಿ ಚಲಿಸುವಂತೆ ಮಾಡುವುದೇ ಅವನ ಸಾಧನೆ. ಅಂಗೈಯನ್ನು ಬಿಚ್ಚಿ, ಬೆರಳುಗಳನ್ನು ಮರಕ್ಕೆ ಸುತ್ತದೆ, ಕೋವಿಯನ್ನು ಅದರ ಮೇಲೆ ಸುಮ್ಮನೆ ಮಲಗಿಸಿ, ಭುಜಕ್ಕೂ ಕೆನ್ನೆಗೂ ಹಗುರವಾಗಿ ತಾಗಿಸಿ ಹೊಡೆಯುವ ಕ್ರಮವನ್ನು ಅಮೆರಿಕದ ಲೇಖಕ ಟಾಮ್ ಗೇಲಾರ್ಡರು ಆರ್ಟಿಲರಿ ಹೋಲ್ಡ್ ಎಂಬ ಹೆಸರಿನಿಂದ ಪ್ರಚಾರಗೊಳಿಸಿದರು. ಗಾಲಿಗಳ ಮೇಲೆ ಹಿಂದಕ್ಕುರುಳುವ ಫಿರಂಗಿಯಂತೆ ಕೋವಿಗೂ ಸರಿದಾಡುವ ಸ್ವಾತಂತ್ರ್ಯವನ್ನು ಕೊಡುವುದೇ ಅದರ ತಿರುಳು. ಅಂಗೈ ಎಲ್ಲಿರಬೇಕೆಂಬುದನ್ನು ಪ್ರತಿಯೊಂದು ಕೋವಿಯಲ್ಲಿಯೂ ಹೊಡೆದು ನೋಡಿಯೇ ಕಂಡುಕೊಳ್ಳಬೇಕು. ಒಮ್ಮೆ ದೊರೆತ ಸ್ಥಾನಕ್ಕೆ ಗುರುತು ಮಾಡಿಟ್ಟರೆ ಮುಂದಣ ಕೆಲಸ ಸುಗಮವಾಗುವುದು. ಗಟ್ಟಿಯಾದ ಮೇಜಿನ ಅಂಚಿಗೋ ಗೋಡೆಗೋ ನೇರವಾಗಿ ಆನಿಸಿದ ಕೋವಿಯು ಆ ಆಸರೆಯಿಂದ ಪುಟಿದು ಬೇರೆಡೆಗೆ ಹೊಡೆಯುವುದು ನಿಶ್ಚಿತ. ಟ್ರಿಗರನ್ನು ಒತ್ತಿದ ಮೇಲೂ, ಗುಂಡು ಕಾಗದಕ್ಕೆ ತಾಗುವವರೆಗೆ, ದೃಷ್ಟಿಯನ್ನು ಕದಲಿಸಬಾರದು.

ಜರ್ಮನಿಯ ಶಿಲ್ಪಿಗಳು ಈ ಒದೆತವನ್ನೇ ಇಲ್ಲವಾಗಿಸಲು ಹೂಡಿದ ಉಪಾಯಗಳು ಮೆಚ್ಚತಕ್ಕವು. ಫೈನ್‌ವೆರ್ಕ್‌ಬೌ ಸಂಸ್ಥೆ, ಪಕ್ಕದ ಸನ್ನೆಯುಳ್ಳ ತನ್ನ ಸ್ಪರ್ಧಾ ಕೋವಿಗಳಲ್ಲಿ, ಯಂತ್ರಭಾಗವೆಲ್ಲವೂ ಮರದ ಹಿಡಿಯ ಮೇಲೆ ಹಳಿಗಳ ಮಾದರಿಯಲ್ಲಿ ಜಾರುವಂತೆ ರಚಿಸಿತು. ಡಯಾನಾ 60 ಎಂಬ ಮಾದರಿಯಲ್ಲಿ ಗಿಸ್ ಎಂಬ ಪದ್ಧತಿಯಂತೆ ಎರಡು ಪಿಸ್ಟನ್ನುಗಳನ್ನು ಹಲ್ಲುಗಾಲಿಯಿಂದ ಜೋಡಿಸಿ, ಒಂದು ಮುಂದಕ್ಕೆ ಧಾವಿಸುವಾಗ ಇನ್ನೊಂದು ಹಿಂದಕ್ಕೆ ಧಾವಿಸಿ ಪರಸ್ಪರರ ಒದೆತವನ್ನು ಕಳೆಯುವಂತೆ ಮಾಡಲಾಯಿತು. ಅದೂ ನಳಿಗೆ ಮಡಿಚುವ ಕೋವಿಯಲ್ಲಿ! ಯಂತ್ರಕಲೆಯ ಇಷ್ಟು ಸುಂದರವಾದ ಪರಿಹಾರಗಳು ವಿರಳವೆಂದೇ ನನ್ನ ಅಭಿಪ್ರಾಯ. ಇಂದಿನ ಒಲಿಂಪಿಕ್ ಸ್ಪರ್ಧಿಗಳಾದರೋ ಮೊದಲೇ ತುಂಬಿಟ್ಟ ಸಂಪೀಡಿತ ವಾಯುವಿನ ಕೋವಿಗಳನ್ನು ಬಳಸುವುದರಿಂದ, ಸ್ಪ್ರಿಂಗಿನ ಈ ಒದೆತದ ತೊಡಕು ಅವರಿಗಿಲ್ಲ.

ನಳಿಗೆಯ ಕೀಲಿನ ವಿಷಯ ಬೇರೆ. ದಿನವೂ ಮುರಿದು ಕೂಡಿಸುವ ನಳಿಗೆ ಪ್ರತಿಸಲವೂ ಮೊದಲಿನ ನೆಲೆಗೇ ಬಂದು ಕೂರಬೇಕಷ್ಟೆ. 40 ಸೆಂಟಿಮೀಟರ್ ಉದ್ದದ ನಳಿಗೆಯ ತುದಿ ಕೂದಲೆಳೆಯ ದಪ್ಪದಷ್ಟು, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಭಾಗ, ವಾಲಿದರೂ 10 ಮೀಟರ್ ದೂರದಲ್ಲಿ ಗುಂಡು ಎರಡೂವರೆ ಮಿಲಿಮೀಟರ್ ಆಚೆ ಬೀಳುವುದು. ಒಲಿಂಪಿಕ್ ಗುರಿಫಲಕದ ನಡುವಣ ಚುಕ್ಕೆಯ ಅಗಲ ಕೇವಲ ಅರ್ಧ ಮಿಲಿಮೀಟರ್. ಮುಂದಣ ಹಿಂದಣ ಗುರಿಮೊನೆಗಳೆರಡೂ ನಳಿಗೆಯ ಮೇಲೆಯೇ ಇದ್ದಲ್ಲಿ ಈ ದೋಷ ಅಷ್ಟಾಗಿ ಬಾಧಿಸದು, ಏಕೆಂದರೆ ನಳಿಗೆಯೊಡನೆ ಅವೂ ವಾಲುತ್ತವೆ. ದೂರದರ್ಶಕವನ್ನು ಸಿಲಿಂಡರಿನ ಮೇಲೆ ಕೂರಿಸಿದೊಡನೆ ಕೀಲಿನ ಪ್ರತಿಯೊಂದು ಸಡಿಲವೂ ಕಾಗದದ ಮೇಲೆ ಪ್ರಕಟವಾಗುವುದು. ವೈಹ್‌ರೌಖ್ ಸಂಸ್ಥೆಯವರು ತಮ್ಮ ಎಚ್‌ಡಬ್ಲ್ಯು 55 ಎಂಬ ಕೋವಿಯಲ್ಲಿ ನಳಿಗೆಯ ಬುಡವನ್ನು ಪ್ರತ್ಯೇಕವಾದ ಅಗುಳಿಯಿಂದ ಭದ್ರಪಡಿಸಿದ್ದು ಇದಕ್ಕಾಗಿಯೇ. ಸಾಮಾನ್ಯ ಕೋವಿಗೆ ಪರೀಕ್ಷೆ ಸುಲಭ: ಸ್ಪ್ರಿಂಗನ್ನು ಹೂಡಿ, ಗುಂಡು ತುಂಬದೆ, ಟ್ರಿಗರನ್ನು ಮುಟ್ಟದೆ, ನಳಿಗೆಯನ್ನು ಬಾಗಿದ ನಿಲುವಿನಲ್ಲಿ ಬಿಟ್ಟರೆ ಅದು ತನ್ನ ಭಾರಕ್ಕೆ ತಾನೇ ಇಳಿಯದೆ ನಿಲ್ಲಬೇಕು, ಇಳಿದರೆ ಕೀಲಿನ ತಿರುಪನ್ನು ಬಿಗಿಗೊಳಿಸಬೇಕು. ಈ ಪರೀಕ್ಷೆಯಲ್ಲಿ ಒಂದು ಕೈ ನಳಿಗೆಯನ್ನು ಹಿಡಿಯಲು ಸದಾ ಸಿದ್ಧವಾಗಿರಲಿ, ಬೆರಳುಗಳು ಬುಡದ ಸಂದಿನಿಂದ ದೂರವಿರಲಿ. ಕೊಕ್ಕೆ ಕಳಚಿದರೆ ನಳಿಗೆ ಬೆರಳನ್ನು ಮುರಿಯುವಷ್ಟು ರಭಸದಿಂದ ಮುಚ್ಚಿಕೊಳ್ಳುತ್ತದೆ. ನಳಿಗೆಯ ಬುಡದ ವಾಷರು ಸವೆದಿದೆಯೆಂಬ ಶಂಕೆಯುಂಟಾದರೆ, ಸಂದಿನ ಮೇಲೆ ತೆಳುಕಾಗದದ ಎಳೆಯೊಂದನ್ನಿರಿಸಿ ಹೊಡೆಯಬಹುದು. ಕಾಗದ ಹಾರಿದರೆ ವಾಯು ಸೋರುತ್ತಿದೆ. ಮರದ ಹಿಡಿಯ ತಿರುಪುಗಳಂತೂ ಕಂಪನದಿಂದ ತಾವಾಗಿ ಸಡಿಲುವುದರಿಂದ ಆಗಾಗ ಅವನ್ನು ನೋಡಿಕೊಳ್ಳುವುದು ಅತ್ಯಗತ್ಯ. ಎಷ್ಟೋ ಕೋವಿಗಳಿಗೆ ಬೇಕಾದ ಚಿಕಿತ್ಸೆ ಇದೊಂದೇ.

ಸಿಲಿಂಡರಿಗೆ ಎಣ್ಣೆ ಸುರಿಯುವ ಪರಿಪಾಠ ಹಾನಿಕರ. ಕಾದ ವಾಯುವಿನಲ್ಲಿ ಎಣ್ಣೆ ಹೊತ್ತಿಕೊಂಡು, ಡೀಸೆಲ್ ಯಂತ್ರದಲ್ಲಾಗುವಂತೆ ಸ್ಫೋಟಿಸಿ, ಗುಂಡಿನ ವೇಗವನ್ನು ಒಂದೊಂದು ಸಲ ಒಂದೊಂದು ಪರಿಯಾಗಿಸುತ್ತದೆ. ಸ್ಪ್ರಿಂಗು ತನ್ನೊಳಗಿನ ದಂಡದ ಮೇಲೆ ಸಡಿಲವಾಗಿದ್ದು ಝಣಗುಟ್ಟುವುದಾದರೆ, ದಟ್ಟವಾದ ಗ್ರೀಸನ್ನು ಹಿತಮಿತವಾಗಿ ಸವರಿದಲ್ಲಿ ಆ ಕಂಪನ ಶಾಂತವಾಗುವುದು.

ಉಳಿದದ್ದು ಗುಂಡು. ನಡು ಸಣ್ಣದಾಗಿ, ಹಿಂಬದಿ ಟೊಳ್ಳಾಗಿ ಇರುವ ಈ 4.5 ಮಿಲಿಮೀಟರಿನ ಸೀಸದ ತುಣುಕಿನ ತೆಳುವಾದ ಅಂಚು, ವಾಯುವಿನೊತ್ತಡಕ್ಕೆ ಹಿಗ್ಗಿ, ನಳಿಗೆಯೊಳಗಣ ಸುರುಳಿಗೆರೆಗಳನ್ನು ಕಚ್ಚಿಕೊಳ್ಳುತ್ತದೆ. ಆ ಅಂಚು ಡಬ್ಬಿಯಲ್ಲಿಯೇ ನಜ್ಜಾಗಿದ್ದರೆ ಎಂಥ ಹಿಡಿತವೂ ವ್ಯರ್ಥ. ಗುಂಡಿನ ತಲೆಯ ಅಳತೆ 4.50, 4.51, 4.52 ಎಂದು ನೂರಂಶಗಳ ಅಂತರದಲ್ಲಿ ದೊರೆಯುವುದುಂಟು. ಅವುಗಳಲ್ಲಿ ಯಾವುದು ಒಗ್ಗುವುದೆಂಬುದನ್ನು ಆಯಾ ನಳಿಗೆಯೇ ನಿರ್ಣಯಿಸುತ್ತದೆ, ಬೆಲೆಯಲ್ಲ. ಈ ಪರೀಕ್ಷೆಗೆ ಹೊರಟವರು ಒಂದು ಬಗೆಯ ಗುಂಡಿನಿಂದ ಇನ್ನೊಂದಕ್ಕೆ ಹೋದೊಡನೆ ಫಲವನ್ನು ಅಳೆಯಬಾರದು. ಹಳೆಯ ಗುಂಡಿನ ಸೀಸದ ಲೇಪ ನಳಿಗೆಯಲ್ಲಿ ಉಳಿದಿರುವುದರಿಂದ, ಮೊದಲ ಇಪ್ಪತ್ತು ಹೊಡೆತಗಳನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟು, ಅನಂತರ ಹತ್ತು ಗುಂಡುಗಳನ್ನು ಒಂದೇ ಗುರಿಗೆ ಹೊಡೆದು, ಅತಿ ದೂರದ ಎರಡು ತೂತುಗಳ ಅಂತರವನ್ನು ಬರೆದಿಟ್ಟುಕೊಳ್ಳತಕ್ಕುದು. ಅಂದು ತಿರುಪನ್ನಾಗಲಿ ಹಿಡಿತವನ್ನಾಗಲಿ ಬದಲಿಸತಕ್ಕುದಲ್ಲ.